ಯಮನನ್ನು ತೆಗೆಸಿದವನು ನಾನು

ಹೋದ ಸೋಮವಾರ ಬ್ಯಾಡಗಿಯಲ್ಲಿ ಫಕ್ಕೀರಣ್ಣ ನನ್ನ ಕೈಗೆ ಬ್ರಷ್ ಕೊಟ್ಟರು. "ಯಮನ ಮುಖ ನೀವ ಬರೀರಿ ಸರ. ತಗಸಿದವ್ರು ನೀವ ಅಲ್ಲೇನ್ರಿ?"

ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಚಹಾ ಕುಡೀರಿ ಅನ್ನುವಷ್ಟೇ ಮೆತ್ತಗೆ ಅಂದರು.

ಫಕ್ಕೀರಣ್ಣ ಬೋರ್ಡ್ ಬರೆಯುವ ಪೇಂಟರ್. ಹರೆಯದಲ್ಲಿ ಗಿಣಿಶಾಸ್ತ್ರದವರಿಗಾಗಿ ಇಪ್ಪತ್ತೇಳು ಚಿತ್ರದ ಕಾರ್ಡು ಬರೆದು ಅಚ್ಚು ಹಾಕಿಸಿದ್ದರು. (ಟಿವಿಯಲ್ಲಿ ಟ್ಯಾರೋ ಅನ್ನುತ್ತಾರಲ್ಲ, ಅದರ ನಮ್ಮೂರ ತಮ್ಮ. ಇಲ್ಲಿ ಕಾರ್ಡು ಎತ್ತುವುದು ಗಿಣಿ, ಅಷ್ಟೇ ಫರಕು.) ಫ್ಲೆಕ್ಸ್ ಬಂದು ಬೋರ್ಡಿನ ಕೆಲಸ ನಿಂತಿತು. ಹೋದ ವರ್ಷ ಆ ಹಳೇ ಕಾರ್ಡಿನ ಕಟ್ಟನ್ನೇ ತಿದ್ದಿ, ರಾಣೇಬೆನ್ನೂರಿನ ಪ್ರೆಸ್ಸಿನಲ್ಲಿ ಮತ್ತೆ ಹಾಕಿಸಲು ಹೊರಟರು. ನನ್ನನ್ನು ಸಲಹೆ ಕೇಳಿದರು. ಹಾವೇರಿಯಿಂದ ಓಡೋಡಿ ಹೋದೆ. ಸಲಹೆ ಕೊಡುವುದೆಂದರೆ ಅಂಕಣಕಾರನಿಗೆ ಹೋಳಿಗೆ ಊಟ.

"ಈ ಯಮ ಯಾಕ್ರಿ? ಒಣಗಿದ ಗಿಡ ಯಾಕ? ಬಡವರು ಒಂದು ಒಳ್ಳೇ ಮಾತು ಕೇಳಾಕ ಬರ್ತಾರ. ಕೆಟ್ಟವು ಎಲ್ಲಾ ತಗದ ಬಿಡ್ರಿ," ಅಂದೆ.

ಅವರು ತಲೆ ಕೆರೆದುಕೊಂಡರು. "ಯಮ ಬಂದ್ರ, ಇವತ್ತ ದವಾಖಾನಿಗೆ ಹೋಗು ಅಂತ ಹೇಳೂದು ಪದ್ಧತಿ ಐತ್ರಿ."

"ಹೆದರಿಸಿ ಕಳಸೂದು ಬ್ಯಾಡ್ರಿ."

ಐದು ಕಾರ್ಡು ಹೋದವು. ಅವುಗಳ ಜಾಗಕ್ಕೆ ಐದು ಶುಭದ ಕಾರ್ಡು ಬಂದವು. ಗಿಣಿ ಯಾವುದು ಎತ್ತಿದರೂ ಒಳ್ಳೆಯದೇ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಫಕ್ಕೀರಣ್ಣನ ಹೆಂಡತಿ ಶಾಂತವ್ವ ನನಗೆ ವೈನಿ, ಅಂದರೆ ಅತ್ತಿಗೆ ಇದ್ದಂತೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಅವರಿಗೆ ಕೆಮ್ಮು ಹಿಡಿಯಿತು. ಬ್ಯಾಡಗಿಯಲ್ಲಿ ಕೆಮ್ಮದವರು ಯಾರಿದ್ದಾರೆ? ಖಾರದ ಘಾಟು ಅಂದರು ಎಲ್ಲರೂ. ಗಂಡ ದವಾಖಾನೆಗೆ ನಡಿ ಅಂದರೆ, ನೋಡೂಣಂತ ಅನ್ನುತ್ತಿದ್ದರು.

ನೋಡಿದ್ದು ಎಲ್ಲಿ? ಮಾರ್ಕೆಟ್ಟಿನ ಗಿಣಿಯ ಮುಂದೆ. ಮೊದಲ ಸಲ ಸೂರ್ಯ ಬಂದ. ತಿಂಗಳು ಬಿಟ್ಟು ಕೂತರು, ಲಕ್ಷ್ಮಿ ಬಂದಳು. ಮತ್ತೆ ಕೂತರು, ತುಂಬಿದ ಕೊಡ. ಕೆಮ್ಮಿದಾಗ ರಕ್ತ ಬಂದ ದಿನವೇ ಇದೆಲ್ಲ ಫಕ್ಕೀರಣ್ಣನಿಗೆ ಗೊತ್ತಾದದ್ದು.

"ಯಮ ಬಂದಾಗ ಹೋಗೂಣಂತ ಸುಮ್ಮನಿದ್ನಿರಿ," ಅಂದರಂತೆ ವೈನಿ. ಗಂಡ ಬರೆದ ಹಳೇ ಕಟ್ಟು ಅವರಿಗೆ ಬಾಯಿಪಾಠ. ಅದರಲ್ಲೀಗ ಯಮನೇ ಇಲ್ಲ ಅಂತ ಯಾರು ಹೇಳಿದ್ದರು?

ಹುಬ್ಬಳ್ಳಿಯ ಡಾಕ್ಟರು ಎಕ್ಸ್‌ರೇ ನೋಡಿ, "ಇಷ್ಟು ದಿನ ಏನ್ ಮಾಡ್ತಿದ್ರಿ?" ಅಂದರಂತೆ. ಶ್ವಾಸಕೋಶದಲ್ಲಿ ಗಡ್ಡೆ ಬೆಳೆದುಬಿಟ್ಟಿತ್ತು. ಈಗ ಮನೆಯಲ್ಲೇ ಇಟ್ಟುಕೊಳ್ಳಿ ಅಂದಿದ್ದಾರೆ. ಅದರ ಅರ್ಥ ನಿಮಗೂ ಗೊತ್ತು.

ಫಕ್ಕೀರಣ್ಣ ಈಗ ಕಟ್ಟನ್ನು ಮತ್ತೆ ತಿದ್ದುತ್ತಿದ್ದಾರೆ. ನಾಲ್ಕು ಕೆಟ್ಟ ಕಾರ್ಡು ವಾಪಸು ಬಂದಿವೆ. ಉಳಿದದ್ದು ಯಮ, ಮುಖವೊಂದು ಬಿಟ್ಟು. ನನ್ನ ಕೈಯಿಂದ ಒಂದು ಗೆರೆಯೂ ಬೀಳಲಿಲ್ಲ.

ಒಳಗಿನ ಖೋಲಿಯಿಂದ ವೈನಿಯ ದನಿ ಬಂತು. "ಏನ್ರೀ, ಯಮನ್ನ ಆವಾಗ ತಗಸಿದ್ದರ ಯಾರು?"

ಫಕ್ಕೀರಣ್ಣ ನನ್ನ ಮುಖ ನೋಡಿದರು. "ಪ್ರೆಸ್ಸಿನವ್ರು," ಅಂದರು.

ನಾನು ಬ್ರಷ್ ಕೆಳಗಿಟ್ಟೆ. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ.

ವೈನಿಗೆ ಓದಲು ಬರುವುದಿಲ್ಲ. ಅದಕ್ಕೇ ಇದನ್ನು ಈ ಅಂಕಣದಲ್ಲಿ ಬರೆದಿದ್ದೇನೆ.