ಭಂಗಿ ತೆರಿಗೆ

ಬುಧವಾರ ಮಧ್ಯಾಹ್ನ ನಾನು ಬಸಳೆ ಹೆಚ್ಚುತ್ತಿದ್ದಾಗ ಮಗಳು ಅಡುಗೆಮನೆಯ ಬಾಗಿಲಿಗೆ ಬಂದು, ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ ಎಂದಳು. ಅದೂ ಕನ್ನಡದ ಸ್ಪರ್ಧೆಗೆ. ನಾನು ಚಾಕುವನ್ನು ಕೆಳಗಿಟ್ಟೆ.

ಎರಡು ವರ್ಷದ ಹಿಂದೆ ಈ ಕೊಲ್ಲಿ ದೇಶದ ಕನ್ನಡದವರ ಬಳಗದ ವೇದಿಕೆ ಹತ್ತಿದ್ದಾಗ ಅವಳು "ನನ್ನ ಅಜ್ಜಿ ತುಂಬಾ ಹಳೆಯದು" ಎಂದುಬಿಟ್ಟಿದ್ದಳು. ಸಭೆ ನಕ್ಕಿತು. ಕೆಟ್ಟ ನಗುವೇನಲ್ಲ, ಪ್ರೀತಿಯದೇ. ಮುಂದಿನ ಸಾಲಿನಲ್ಲಿ ಕೂತಿದ್ದ ನಾನೂ ನಕ್ಕೆ, ಅವಳು ಅದನ್ನು ನೋಡಿದಳು. ಅಂದಿನಿಂದ ಮನೆಯಲ್ಲೂ ಅವಳ ಉತ್ತರವೆಲ್ಲ ಇಂಗ್ಲಿಷಿನಲ್ಲೇ. ಊಟಕ್ಕೆ ಕರೆದರೆ 'ಕಮಿಂಗ್', ಬೈದರೆ 'ಫೈನ್'. ಊರಿನಿಂದ ಅಜ್ಜಿಯ ಫೋನು ಬಂದರೆ, "ಊಟ ಆಯ್ತು ಅಜ್ಜಿ" ಎಂದು ಒಂದೇ ಮಾತು ಆಡಿ ಫೋನನ್ನು ನನ್ನ ಕೈಗೆ ದಾಟಿಸುವಳು. ಈಗ ಹನ್ನೊಂದನೇ ತರಗತಿ. ಇನ್ನೆರಡು ವರ್ಷಕ್ಕೆ ಕಾಲೇಜಿಗೆಂದು ಎಲ್ಲಿಗೆ ಹೋಗುತ್ತಾಳೋ! ಅಷ್ಟರೊಳಗೆ ಅವಳ ಬಾಯಿಗೆ ಕನ್ನಡ ಮರಳದಿದ್ದರೆ ಇನ್ನು ಮರಳುವುದಿಲ್ಲ ಎಂಬ ಅಳುಕು ನನಗೆ. ಒತ್ತಾಯ ಮಾಡಿರಲಿಲ್ಲ. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು, ಹೀಗೇ ನಡೆದಿತ್ತು.

"ವಿಷಯ ಎಂತದು?" ಎಂದೆ.

ಅವಳು ಬಳಗದ ವಾಟ್ಸಾಪ್ ಗುಂಪಿನ ಪ್ರಕಟಣೆಯನ್ನು ತೋರಿಸಿದಳು. 'ಭಂಗಿ ತೆರಿಗೆಯಿಂದ ಸರಕಾರದ ಬೊಕ್ಕಸಕ್ಕೂ ಶಾಲೆಗಳಿಗೂ ನಿಜವಾದ ಲಾಭವಿದೆ.' ಪರ ಅಥವಾ ವಿರೋಧ. ಸ್ಪರ್ಧೆ ಶನಿವಾರ.

"ನಾನು ವಿರೋಧ," ಎಂದಳು. "ಯೋಗದ ಮೇಲೆ ಟ್ಯಾಕ್ಸ್ ಹಾಕುವುದು ಅನ್ಯಾಯ ಅಲ್ವಾ?"

ಶಾಲೆಯ ಯೋಗ ತಂಡದಲ್ಲಿರುವವಳು. ತನ್ನದೇ ವಿಷಯ ಸಿಕ್ಕಿತೆಂಬ ಉತ್ಸಾಹ. ಆ ವಾಕ್ಯವನ್ನು ಅವಳು ಪೂರ್ತಿ ಕನ್ನಡದಲ್ಲಿ ಹೇಳಿದ ಖುಷಿಯಲ್ಲಿ ನಾನೂ ಹೆಚ್ಚು ಯೋಚಿಸಲಿಲ್ಲ. ಯೋಗದ ಮೇಲೆ ತೆರಿಗೆ ಹಾಕುವ ದೇಶ ಯಾವುದಿರಬಹುದು ಎಂದಷ್ಟೇ ಅನ್ನಿಸಿತು.

ಮರುದಿನ ಬೆಳಿಗ್ಗೆ ಅವಳ ಮೇಜು ಒರೆಸುವಾಗ ಬರೆದಿಟ್ಟ ಹಾಳೆ ಕಂಡಿತು. ಪದ್ಮಾಸನಕ್ಕೆ ಇಷ್ಟು ತೆರಿಗೆ, ಶೀರ್ಷಾಸನಕ್ಕೆ ಅದರ ಎರಡು ಪಟ್ಟು ಎಂದರೆ ಬಡ ಮಕ್ಕಳು ತಲೆ ಕೆಳಗೆ ಮಾಡುವುದು ಹೇಗೆ, ಎಂದು ಬರೆದಿದ್ದಳು. ಓದುತ್ತಿದ್ದಂತೆ ಆ ಶಬ್ದದ ಇನ್ನೊಂದು ಅರ್ಥ ನನಗೆ ನೆನಪಾಯಿತು. ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಬಳಗದ ಕಾರ್ಯದರ್ಶಿಗೆ ಫೋನು ಮಾಡಿದೆ. ಉಡುಪಿ ಕಡೆಯವರು, ಯಾವಾಗಲೂ ಗಾಬರಿಯಲ್ಲೇ ಇರುವ ಮನುಷ್ಯ.

"ಅಕ್ಕ, ಗಾಂಜಾ ಅಂತ ಇಲ್ಲಿ ಗ್ರೂಪಿಗೆ ಹಾಕ್ಲಿಕ್ಕೆ ಆಗ್ತದಾ? ಯಾರಾದ್ರೂ ಫಾರ್ವರ್ಡ್ ಮಾಡಿದ್ರೆ ನನ್ನ ಕಥೆ ಖಲಾಸ್. ಕೆನಡಾ, ಅಮೆರಿಕದ ಕಡೆ ಕಾನೂನು ಪ್ರಕಾರ ಮಾರಿ ತೆರಿಗೆ ತಗೊಳ್ತಾರಲ್ಲ, ಒಳ್ಳೆ ವಿಷಯ ಅಂತ ಕಮಿಟಿಯಲ್ಲಿ ಹೇಳಿದ್ರು. ಅದಕ್ಕೇ ನಿಘಂಟು ತೆಗೆದು ಈ ಶಬ್ದ ಹುಡುಕಿದ್ದು."

"ನೀವು ಹುಡುಕಿದ ಶಬ್ದ ಮಕ್ಕಳಿಗೆ ಯೋಗಾಸನ ಆಗಿದೆ."

"ಬೇಡ ಮಾರಾಯ್ರೆ, ನಿಮ್ಮದು ನಾಲ್ಕನೇ ಫೋನು!"

"ಹಾಗಾದ್ರೆ ಒಂದು ತಿದ್ದುಪಡಿ ಹಾಕಿ."

"ತಿದ್ದುಪಡಿಯಲ್ಲಿ ಮತ್ತೆ ಆ ಶಬ್ದವೇ ಬರೀಬೇಕಲ್ಲ! ಫೋನ್ ಮಾಡಿದವರಿಗೆ ಬಾಯಲ್ಲಿ ಹೇಳ್ತಾ ಇದ್ದೇನೆ."

ನನ್ನ ಗಂಡ ದೂರದ ಊರಾದ ಸೂರ್‌ನ ಗ್ಯಾಸ್ ಪ್ಲಾಂಟಿನಲ್ಲಿ ಪಾಳಿ ಕೆಲಸದವರು, ವಾರವಿಡೀ ಅಲ್ಲೇ. ಫೋನಿನಲ್ಲಿ ವಿಷಯ ಹೇಳಿದರೆ, "ನಾನೂ ಯೋಗ ಅಂತಲೇ ತಿಳ್ಕೊಂಡಿದ್ದೆ. ನಂಗೇನು, ನಾನು ಶವಾಸನ ಮಾತ್ರ ಮಾಡುವವ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹೇಳಿದರೆ ಹುಡುಗಿ ಹಿಂದೆ ಸರಿಯುತ್ತಾಳೆ. ಹೇಳದಿದ್ದರೆ ಸಭೆಯ ಮುಂದೆ ಇನ್ನೊಮ್ಮೆ ನಗೆಗೀಡಾಗುತ್ತಾಳೆ.

ಅವಳು ಶಾಲೆಯಿಂದ ಬಂದು ಊಟ ಮುಗಿಸಿದ ಮೇಲೆ ಹೇಳಿಯೇಬಿಟ್ಟೆ. ಅವಳ ಮುಖ ಕೆಂಪಾಯಿತು. "ಐ ಆಮ್ ನಾಟ್ ಗೋಯಿಂಗ್," ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಇಸ್ತ್ರಿಯ ಬಟ್ಟೆಗಳನ್ನು ತಂದು ಆ ಬಾಗಿಲ ಹೊರಗೆ ನೆಲದ ಮೇಲೆ ಕೂತು ಮಡಚತೊಡಗಿದೆ. ನಾಲ್ಕು ಅಂಗಿ ಮಡಚಿದ ಮೇಲೆ ಹೇಳಿದೆ: "ನಿನ್ನ ಅಪ್ಪನಿಗೂ ಗೊತ್ತಾಗ್ಲಿಲ್ಲ, ಮೊದಲು ನಂಗೂ ಗೊತ್ತಾಗ್ಲಿಲ್ಲ. ಆದ್ರೆ ಅದಲ್ಲ ನಾನು ಹೇಳ್ಬೇಕಾದ್ದು. ಆವತ್ತು ನಾನು ನಗಬಾರದಿತ್ತು."

ತಲೆದಿಂಬಿನ ಚೀಲಗಳೂ ಮುಗಿದ ಹೊತ್ತಿಗೆ ಬಾಗಿಲು ತೆರೆಯಿತು. ಅವಳ ಕೈಯಲ್ಲಿ ಫೋನಿತ್ತು.

"ಅಮ್ಮ, ಕೆಲವು ಕಡೆ ಆ ಟ್ಯಾಕ್ಸಿನ ದುಡ್ಡಲ್ಲಿ ಸ್ಕೂಲ್ ಬಿಲ್ಡಿಂಗ್ ಕಟ್ಟಿದ್ದಾರಂತೆ. ದುಡ್ಡು ನಿಜವಾಗಿ ಬಂದಿದೆ. ಆದ್ರೆ ಸ್ಕೂಲಿನ ಪೂರ್ತಿ ಖರ್ಚಿನ ಎದುರು ಅದು ಚೂರೇ ಚೂರು. ಬಜೆಟ್‌ಗೆ ಕನ್ನಡದಲ್ಲಿ ಏನು?"

"ಆಯವ್ಯಯ. ಬಜೆಟ್ ಅಂದ್ರೂ ಸಾಕು."

"ಇನ್ನೊಂದು ಉಂಟು. ಹೊಸ ದುಡ್ಡು ಬಂತು ಅಂತ, ಮೊದಲು ಕೊಡ್ತಿದ್ದ ದುಡ್ಡನ್ನ ಸರಕಾರ ಬೇರೆ ಕಡೆ ತಿರುಗಿಸ್ಲಿಕ್ಕೂ ಆಗ್ತದಂತೆ. ಅದನ್ನ ಹೇಗೆ ಹೇಳುವುದು?"

ಅದನ್ನು ಹೇಗೆ ಹೇಳಬೇಕೆಂದು ನನಗೂ ಹೊಳೆಯಲಿಲ್ಲ. ಹೊಳೆದದ್ದು ಶುಕ್ರವಾರ, ಅವಳಿಗೇ. ಕೆಳಗಿನ ಫ್ಲ್ಯಾಟಿನ ಕೊಂಕಣಿ ಬಾಯಿ ಪ್ರತಿ ಶುಕ್ರವಾರ, ಇಲ್ಲಿನ ವಾರದ ರಜೆಯ ದಿನ, ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದು ಬಿಸಿಬಿಸಿ ಸನ್ನಾಸ್ ಕಳಿಸುತ್ತಾರೆ. ನಮ್ಮ ಇಡ್ಲಿಯ ತಂಗಿಯೇ ಅದು, ಇನ್ನೂ ಮೆತ್ತಗೆ. ಮಗಳು ತಟ್ಟೆಯನ್ನೇ ನೋಡುತ್ತ ಕೂತಳು.

"ಅಮ್ಮ, ಆಂಟಿ ಇದು ಕೊಡ್ಲಿಕ್ಕೆ ಶುರು ಮಾಡಿದ ಮೇಲೆ ನೀನು ಶುಕ್ರವಾರ ಇಡ್ಲಿ ಮಾಡುವುದು ಬಿಟ್ಟೆ ಅಲ್ವಾ?"

"ಎರಡೂ ಯಾಕೆ ಬೇಕು? ನನಗೂ ಒಂದು ದಿನ ಆರಾಮ ಬೇಡ್ವಾ?"

"ಅದೇ! ಅದೇ ಸರಕಾರ ಮಾಡುವುದು!"

ನನಗೆ ಸ್ವಲ್ಪ ಸಿಟ್ಟೇ ಬಂತು. ಆದರೆ ಅವಳು ಆಗಲೇ ಎಡಗೈಯಲ್ಲಿ ಪೆನ್ನು ಹಿಡಿದು ಕನ್ನಡದಲ್ಲಿ ಗೀಚುತ್ತಿದ್ದಳು. ಸುಮ್ಮನೆ ಇನ್ನೆರಡು ಸನ್ನಾಸ್ ಬಡಿಸಿದೆ.

ಶನಿವಾರ ಸಂಜೆ ನಾಲ್ಕಕ್ಕೆ ಸ್ಪರ್ಧೆ. ಮೊದಲು ಬಂದ ಹುಡುಗ ಪರವಾಗಿ ಚೆನ್ನಾಗಿಯೇ ಮಾತಾಡಿದ: ಕಳ್ಳಸಾಗಣೆಯವರ ಜೇಬಿಗೆ ಹೋಗುವುದು ಸರಕಾರಕ್ಕೆ ಬಂದರೆ ಶಾಲೆಗೆ ಸೂರಾಗುತ್ತದಲ್ಲ ಎಂದ. ಮೂರನೆಯವಳು ದೂರದ ಊರಾದ ಸುವೈಕ್‌ನ ಹುಡುಗಿ. ಎಂಟನೇ ತರಗತಿ ಇರಬಹುದು. ಅಲ್ಲಿ ಅವಳ ತಂದೆಯ ಅಂಗಡಿ. ಸ್ಪರ್ಧೆಗೆಂದೇ ಅಷ್ಟು ದೂರದಿಂದ ಕಾರಿನಲ್ಲಿ ಬಂದಿದ್ದರು. ಅವರು ಕಾರ್ಯದರ್ಶಿಗೆ ಫೋನು ಮಾಡಿ ಶಬ್ದದ ಅರ್ಥ ಕೇಳಿರಲಿಲ್ಲ. ಹುಡುಗಿ ಎರಡೂ ಕೈ ಜೋಡಿಸಿ, "ಸೂರ್ಯ ನಮಸ್ಕಾರಕ್ಕೆ ತೆರಿಗೆ ಹಾಕಿದರೆ ಸೂರ್ಯನಿಗೆ ಬೇಸರವಾಗುವುದಿಲ್ಲವೇ?" ಎಂದಳು. ಸಭೆ ಬಿದ್ದು ಬಿದ್ದು ನಕ್ಕಿತು. ಏಕೆಂದು ತಿಳಿಯದೆ ಮಗು ಅರ್ಧಕ್ಕೇ ನಿಲ್ಲಿಸಿ ಇಳಿದುಬಂದು ತಂದೆಯ ತೋಳಿಗೆ ಮುಖ ಒತ್ತಿಕೊಂಡಿತು.

ಮುಂದಿನ ಹೆಸರು ನನ್ನ ಮಗಳದ್ದು. ಅವಳು ಏಳಲಾರಳು ಎಂದುಕೊಂಡೆ. ಎದ್ದಳು. ಹಾಳೆಯನ್ನು ಕುರ್ಚಿಯ ಮೇಲೇ ಬಿಟ್ಟು ಹೋದಳು.

"ನಾನೂ ಯೋಗ ಅಂತಲೇ ಬರೆದಿದ್ದೆ," ಎಂದು ಶುರು ಮಾಡಿದಳು. "ನನ್ನ ಅಪ್ಪನೂ ಯೋಗ ಅಂತಲೇ ತಿಳ್ಕೊಂಡಿದ್ರು. ನಿಮ್ಮಲ್ಲಿ ಎಷ್ಟು ಜನ ಹಾಗೇ ಓದಿದ್ದು? ಸುಳ್ಳು ಹೇಳ್ಬೇಡಿ, ಕೈ ಎತ್ತಿ."

ಒಂದು ಕೈ ಎದ್ದಿತು, ಹಿಂದೆಯೇ ಹತ್ತು, ಆಮೇಲೆ ಅರ್ಧ ಸಭೆ. ನಗು ಮತ್ತೆ ಎದ್ದಿತು; ಈ ಸಲ ಎಲ್ಲರೂ ತಮ್ಮನ್ನು ನೋಡಿಕೊಂಡು ನಗುತ್ತಿದ್ದರು. ಸುವೈಕ್‌ನ ಹುಡುಗಿ ತೋಳಿನಿಂದ ಮುಖ ಎತ್ತಿದಳು. ಆಮೇಲೆ ನನ್ನ ಮಗಳು ನನ್ನ ಅಡುಗೆಮನೆಯನ್ನು ಸಭೆಯ ಮುಂದೆ ಬಿಚ್ಚಿಟ್ಟಳು. ಸನ್ನಾಸ್ ಬಂತು, ಇಡ್ಲಿ ನಿಂತಿತು, ತಟ್ಟೆಯಲ್ಲಿ ಇದ್ದದ್ದು ಮೊದಲಿನಷ್ಟೇ. ಲಾಭವಾದದ್ದು ತಟ್ಟೆಗಲ್ಲ, ಅಮ್ಮನಿಗೆ. ಹೆಂಗಸರು ನನ್ನ ಕಡೆ ತಿರುಗಿ ನಕ್ಕರು. ಶಾಲೆ ನಡೆಯಬೇಕಾದರೆ ಜನ ಸೇದುತ್ತಲೇ ಇರಬೇಕು ಎಂದಾದರೆ ಅದು ಎಂಥ ಶಾಲೆ, ಎಂದೂ ಕೇಳಿದಳು.

ತೀರ್ಪುಗಾರರಲ್ಲಿ ಬ್ಯಾಂಕಿನ ಹಿರಿಯರೊಬ್ಬರಿದ್ದರು. "ಹಾಗಾದರೆ ತೆರಿಗೆಯೇ ಬೇಡವಾ ಮಗಳೇ?" ಎಂದರು. ಇದಕ್ಕೆ ನಾವು ತಯಾರಿ ಮಾಡಿರಲಿಲ್ಲ.

ಅವಳು ಅವರ ಕಡೆ ತಿರುಗಿದಳು. "ತೆರಿಗೆ ಬೇಕು ಸರ್, ಮಾರುವಲ್ಲಿ ಹಾಕಲಿ. ಆದ್ರೆ ಶಾಲೆಯ ಹೆಸರು ಹೇಳಿ ತಗೊಂಡದ್ದನ್ನ, ಮೊದಲಿನ ದುಡ್ಡಿನ ಮೇಲೆ ಸೇರಿಸಿ ಕೊಡ್ಬೇಕು. ಅದರ ಬದಲು ಅಲ್ಲ. ಮೇಲೆ ಕೊಟ್ರೆ ಲಾಭ. ಬದಲು ಕೊಟ್ರೆ ಬರೀ ಹೆಸರು."

'ಮೇಲೆ', 'ಬದಲು'. ಎರಡು ಸಾದಾ ಶಬ್ದ. ಹಿರಿಯರು ಪೆನ್ನು ಕೆಳಗಿಟ್ಟು ತಾವೇ ಮೊದಲು ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಗಳು ಕುರ್ಚಿಯಿಂದ ಎದ್ದೇಬಿಟ್ಟರು. ಮೊದಲ ಬಹುಮಾನವೆಂದು ಅವಳ ಹೆಸರು ಕೂಗಿದಾಗ ಸೂರ್‌ನಲ್ಲಿದ್ದ ಗಂಡನಿಗೆ ಫೋನು ಹಚ್ಚಿ ಆ ಚಪ್ಪಾಳೆಯನ್ನೇ ಕೇಳಿಸಿದೆ.

ಹೊರಗೆ ಕಾರುಗಳ ನಡುವೆ ಅವಳೂ ಸುವೈಕ್‌ನ ಹುಡುಗಿಯೂ ಇನ್ನೂ ವಾದ ಮಾಡುತ್ತ ನಿಂತಿದ್ದರು. ಆ ತಂದೆ ಇಲ್ಲಿನ ಅರಬ್ಬಿ ಬೆರೆಸಿ ಎರಡು ಸಲ "ಯಲ್ಲಾ, ಹೊರಡುವ" ಎಂದರೂ ಕೇಳುವವರಿಲ್ಲ.

"ತೆರಿಗೆ ಹಾಕಿದ್ರೆ ಸಿಗರೇಟು ಬೆಲೆಬಾಳುವ ಆಗ್ತದೆ, ಆಗ ಜನ ಬಿಡ್ತಾರೆ," ಎನ್ನುತ್ತಿದ್ದಳು ನನ್ನ ಮಗಳು.

"ಬೆಲೆಬಾಳುವ ಅಲ್ಲ ಅಕ್ಕ, ದುಬಾರಿ," ಎಂದಳು ಚಿಕ್ಕವಳು.

"ಹಾಂ, ದುಬಾರಿ. ದುಬಾರಿ ಆದ್ರೆ ಬಿಡ್ತಾರೆ. ಎಲ್ಲರೂ ಬಿಟ್ಟರೆ ಶಾಲೆಗೆ ದುಡ್ಡೆಲ್ಲಿಂದ? ಅದನ್ನ ಹೇಳು ನೀನು!"

ನಾನು ಕಾರಿನ ಎಸಿ ಹಾಕಿ ಕೂತೆ. ಹಾರ್ನ್ ಮಾಡಲಿಲ್ಲ.