ಸೂಜಿಗೆ ಮೊದಲು ಕಟ್ಟಿದ ಬೀಡಿ

ಹಲ್ಲು ಕೀಳುವ ಮುಂಚೆ ಕೊಡುವ ಸೂಜಿಗೆ ಹೆದರುವವರಿಗಾಗಿ ನಾನು ಹಿಪ್ನಾಟಿಸಂ ಕಲಿತು ಬಂದಿದ್ದೆ. ಉಪ್ಪಳದ ನನ್ನ ಕ್ಲಿನಿಕ್ಕಿನಲ್ಲಿ ಅದರ ಪ್ರಯೋಗಕ್ಕೆ ಮೊತ್ತಮೊದಲು ಸಿಕ್ಕಿದವರು ಜಾನಕಿಯಕ್ಕ. ಹಿಂದೊಮ್ಮೆ ಸೂಜಿ ಕಂಡು ಕುರ್ಚಿಯಿಂದ ಎದ್ದು ಓಡಿದವರು.

"ಕಣ್ಣು ಮುಚ್ಚಿ ಅಕ್ಕ. ನೀವು ಕಡಲ ಬದಿಯಲ್ಲಿದ್ದೀರಿ. ತೆರೆ ಮೆಲ್ಲನೆ ಬರ್ತಾ ಉಂಟು" ಎಂದೆ, ನನಗೆ ಕಲಿಸಿಕೊಟ್ಟ ಹಾಗೆಯೇ.

ಅವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ನಮ್ಮ ಯಜಮಾನರು ಬೆಳಿಗ್ಗೆ ದೋಣಿಯಲ್ಲಿ ಹೋದವರು ಇನ್ನೂ ಬರಲಿಲ್ಲ ಡಾಕ್ಟ್ರೇ. ಕಡಲನ್ನು ಈಗ ಯಾಕೆ ನೆನಪು ಮಾಡ್ತೀರಿ?"

ಕಡಲನ್ನು ಅಲ್ಲಿಗೇ ಬಿಟ್ಟೆ. "ಮತ್ತೆ ಎಂತ ಮಾಡುವಾಗ ನಿಮಗೆ ನೆಮ್ಮದಿ?"

"ಬೀಡಿ ಕಟ್ಟುವಾಗ."

"ಹಾಗಾದರೆ ಕಟ್ಟಿ."

ಅವರು ಕಣ್ಣು ಮುಚ್ಚಿದರು. ಮಡಿಲಲ್ಲಿ ಬೀಡಿಯ ಮೊರವೇ ಇದೆಯೇನೋ ಎಂಬ ಹಾಗೆ ಖಾಲಿ ಬೆರಳುಗಳು ಓಡತೊಡಗಿದವು. ಎಲೆ ಹಿಡಿದು, ಹೊಗೆಸೊಪ್ಪಿನ ಪುಡಿ ತುಂಬಿಸಿ, ಸುರುಟಿ, ನೂಲು ಸುತ್ತಿದರು. ಬಾಯಿ ತೆರೆಯಿರಿ ಎಂದಾಗ ತೆರೆದರು, ಕೈ ನಿಲ್ಲಲಿಲ್ಲ. "ಇನ್ನೊಂದು ಕಟ್ಟಿ" ಎನ್ನುತ್ತಾ ನಾನು ಸೂಜಿ ಹಾಕಿ ಮುಗಿಸಿದೆ.

ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, ಜೋಮು ಹಿಡಿದ ತುಟಿಯಲ್ಲೇ ತೊದಲಿದರು: "ನಿಮ್ಮ ಈ ವಿದ್ಯೆ ನನಗೆ ಹಿಡಿಯುವುದಿಲ್ಲ ಡಾಕ್ಟ್ರೇ. ಸೂಜಿ ಯಾವಾಗ?"

ನನಗೆ ಖುಷಿಯೋ ಖುಷಿ. ಮುಜುಗರ ಒಂದೇ: ಇದೆಲ್ಲ ನಡೆದದ್ದು ನಾನೇ ಗೋಡೆಗೆ ಅಂಟಿಸಿದ 'ತಂಬಾಕು ಬಿಡಿ' ಎಂಬ ಪೋಸ್ಟರಿನ ಕೆಳಗೆ.