ಕುರುಗೋಡಿಗೆ ಹಚ್ಚಿದ ಒಂದು ಫೋನ್

೧೯೮೭ರಲ್ಲಿ ನಾನು ಬಳ್ಳಾರಿಯ ಒಂದು ಖಾಸಗಿ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಬೋಧಕ. ವಯಸ್ಸು ಇಪ್ಪತ್ಮೂರು. ಕಂಪ್ಯೂಟರಿಗಿಂತ ಮಿಮಿಕ್ರಿಯೇ ಚೆನ್ನಾಗಿ ಬರುತ್ತಿತ್ತು. ಮ್ಯಾನೇಜರ್ ಚೆನ್ನಬಸಪ್ಪನವರು ಎರಡು ಸಲ ಕೆಮ್ಮಿ "ಹಾಂ, ಕೇಳ್ರಿ" ಅನ್ನುವುದನ್ನು ಅವರಿಗಿಂತ ನಾನೇ ಚೆಂದ ಅನ್ನುತ್ತಿದ್ದೆ. ನನ್ನ ಸ್ವಂತ ದನಿಯೋ, ಸೀದ ಪಾತ್ರೆ ಕೆರೆದಂತೆ.

ಅಂದು ಹೈಸ್ಕೂಲು ಮಕ್ಕಳಿಗೆ ಮಾಹಿತಿ ಸುರಕ್ಷತೆಯ ಪಾಠ. ಹಲಗೆಯ ಎಡಕ್ಕೆ ಅಪಾಯ, ಬಲಕ್ಕೆ ರಕ್ಷಣೆ. ಗೆರೆ ಎಳೆದು ಹೊಂದಿಸಬೇಕು. ಮಾಹಿತಿ ತುಂಬಿಟ್ಟ ಫ್ಲಾಪಿ ಕೆಟ್ಟರೆ ಇನ್ನೊಂದು ಪ್ರತಿ. ಧೂಳಿಗೆ ಹೊದಿಕೆ. ಕದ್ದು ನೋಡುವವರಿಗೆ ಪಾಸ್‌ವರ್ಡ್.

ನಾಗರತ್ನ ಎಂಬ ಹುಡುಗಿ ಎದ್ದಳು. "ಸರ್, ಪಾಸ್‌ವರ್ಡನ್ನ ಯಾರರ ಬಾಯಿಬಿಟ್ಟು ಕೇಳಿದ್ರ ಏನ್ ಮಾಡೋದು?"

ನನಗೆ ತೋರಿಸಿಕೊಳ್ಳುವ ಚಟ. ಮಕ್ಕಳೆದುರೇ ನಮ್ಮ ಕುರುಗೋಡು ಶಾಖೆಗೆ ಫೋನ್ ಹಚ್ಚಿದೆ. ಅಲ್ಲಿನ ಗುಮಾಸ್ತೆ ಶಿವಗಂಗಮ್ಮ. ಪರೀಕ್ಷೆಯ ಅಂಕಗಳಿದ್ದ ಫೈಲಿನ ಪಾಸ್‌ವರ್ಡ್ ಅವರಿಗೂ ಮ್ಯಾನೇಜರಿಗೂ ಮಾತ್ರ ಗೊತ್ತಿತ್ತು. ಎರಡು ಸಲ ಕೆಮ್ಮಿದೆ.

"ಹಾಂ, ಕೇಳ್ರಿ. ಪಾಸ್‌ವರ್ಡ್ ಮರ್ತೀನಿ, ಹೇಳ್ರಿ."

ಅತ್ತ ಕುರ್ಚಿ ಸರಿದ ಸದ್ದು. ಸಾಹೇಬರ ದನಿಗೇ ಆಕೆ ಎದ್ದು ನಿಂತಿದ್ದರು. "ಗೌರಿ ಅಂತ ರೀ ಸರ. ನನ್ನ ಮಗಳ ಹೆಸರು."

ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಆ ಗದ್ದಲಕ್ಕೆ ಒಳಬಂದ ಮ್ಯಾನೇಜರ್ ವಿಷಯ ಕೇಳಿ ತಾವೂ ನಕ್ಕು, "ಭಾಳ ಛಲೋ ಮಾಡ್ತೀಯಲೇ!" ಎಂದರು. ಮರುದಿನ ಶಿವಗಂಗಮ್ಮನನ್ನು ಕೆಲಸದಿಂದ ತೆಗೆದರು.

"ತಪ್ಪು ನಂದು, ಸರ" ಎಂದು ಅಂಗಲಾಚಿದೆ.

"ನೀ ಬರೇ ಕೇಳಿದಿ. ಹೇಳಿದಾಕಿ ಆಕಿ."

ಬಸ್ಸು ಹತ್ತಿ ಕುರುಗೋಡಿಗೆ ಹೋದೆ. ಕ್ಷಮೆ ಕೇಳುವುದು ಬಿಟ್ಟು ಅಲ್ಲೂ ಪಾಠವನ್ನೇ ಹೇಳಿದೆ: "ಅಕ್ಕಾ, ಫೋನ್ ಇಟ್ಟು, ನೀವ ತಿರುಗಿ ಹಚ್ಚಿ ಖಾತ್ರಿ ಮಾಡ್ಕೋಬೇಕಿತ್ತು."

"ಹೋದ ತಿಂಗಳ 'ಯಾರು ಮಾತಾಡಾದ್ರಿ' ಅಂತ ಕೇಳಿದ್ದಕ್ಕ, ನನ್ನ ದನಿ ಗುರುತು ಸಿಗಲ್ಲೇನು ಅಂತ ಸಾಹೇಬ್ರು ಉಗದಿದ್ರು" ಎಂದರು ಶಿವಗಂಗಮ್ಮ. "ಈಗ ಮಾತಾಡಾಕತ್ತಿದ್ದು ನಿನ್ನ ದನೀನ ಐತೋ, ಇದೂ ಯಾರದರ ಐತೋ, ತಮ್ಮಾ?"

ಅವರ ಜಾಗಕ್ಕೆ ಬಂದ ಹೊಸಬಳಿಗೆ ತರಬೇತಿ ಕೊಟ್ಟವನೂ ನಾನೇ. ಸಾಹೇಬರೇ ಕೇಳಿದರೂ ತಿರುಗಿ ಫೋನ್ ಹಚ್ಚಿ ವಿಚಾರಿಸಿ ಎಂದೆ.

"ಅವರು ಬೈದ್ರ ಏನ್ ಮಾಡ್ಲಿ, ಸರ?"

ಪ್ರಶ್ನೆ ಕೇಳಿದವರನ್ನು ಬೈಯುವ ಕಚೇರಿಯಲ್ಲಿ ಯಾವ ಪಾಸ್‌ವರ್ಡೂ ಉಳಿಯದು; ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಅದನ್ನು ಆಕೆಗೆ ಹೇಳಲಿಲ್ಲ. "ಬೈಯಂಗಿಲ್ಲ ಬಿಡವ್ವಾ" ಎಂದೆ, ನನ್ನದೇ ದನಿಯಲ್ಲಿ. ಆಕೆ ನಂಬಿದಳು.